ಅಂಟಿಕೊಂಡ ಓಲೆಗರಿ ಬಿಡಿಸಿದ್ದು ಹೀಗೆ

ಕಟ್ಟಿನ 20 ಗರಿಗಳು ಅಂಟಿ ಹಲಗೆಯಂತಾಗಿದ್ದವು. ಅಂಚು ಎತ್ತಿದರೆ ಮೇಲ್ಪದರ ಸಿಪ್ಪೆಯಂತೆ ಏಳುತ್ತಿತ್ತು, ಅಕ್ಷರ ಸಮೇತ.

ತೆಳು ಚಾಕು ತೂರಿಸಿದೆ, ಮೂಲೆ ಮುರಿಯಿತು. ಬ್ರಶ್‌ನಲ್ಲಿ ಆಲ್ಕೋಹಾಲ್ ಸವರಿದೆ, ಒಳಗಿಳಿಯುವ ಮೊದಲೇ ಆರಿಹೋಯಿತು. ನಿಂಬೆಹುಲ್ಲಿನ ಎಣ್ಣೆಯೂ ಸುಮ್ನೆ ದಂಡ. ಅದು ಬಿಡಿಸಿದ ಮೇಲೆ ಹಚ್ಚುವಂಥದ್ದು, ಅಲ್ವಾ!

ಕೊನೆಗೆ ಕೆಲಸ ಮಾಡಿದ್ದು ತೇವ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ. ತಳದಲ್ಲಿ ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿ ಹಿಂಡಿದ ಬ್ಲಾಟಿಂಗ್ ಪೇಪರ್, 5 ಸೆಂ.ಮೀ. ಮೇಲೆ ಜಾಲರಿ, ಅದರ ಮೇಲೆ ಕಟ್ಟು. ನೀರು ಗರಿಗೆ ತಾಗಬಾರದು. ಒಳಗಿಟ್ಟ ತೇವಮಾಪಕ 80–85% ತೋರಿಸುತ್ತಿತ್ತು. 6 ಗಂಟೆ ಕಳೆದ ಮೇಲೆ ಮೇಲಿನ ಗರಿ ಮೆತ್ತಗಾಯಿತು. ಜಾಸ್ತಿ ಹೊತ್ತು ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ತೆಳು ಬಿದಿರ ಪಟ್ಟಿಯನ್ನು ನಾರಿನ ಉದ್ದಕ್ಕೇ ಜಾರಿಸಿ, ಅಡ್ಡಕ್ಕೆ ಬೇಡ. ಒಂದು ಸಲಕ್ಕೆ ಮೂರೇ ಗರಿ, ಉಳಿದದ್ದು ಮತ್ತೆ ಡಬ್ಬಿಗೆ. ಬಿಡಿಸಿದವನ್ನು ಒಣ ಬ್ಲಾಟಿಂಗ್ ಪೇಪರ್ ನಡುವೆ ಇಟ್ಟು, ಮೇಲೆ ಗಾಜು ಹೇರಿ, ಎರಡು ದಿನ ಬಿಟ್ಟೆ.