ಮೊದಲ ಹಾರಾಟಕ್ಕೆ ಮುನ್ನ ಪ್ರೊಪೆಲ್ಲರ್ ಪಿಚ್ ಹೊಂದಿಸುವುದು ಹೇಗೆ?

ಮನೆಯ ಶೆಡ್ಡಿನಲ್ಲಿ ಕಟ್ಟಿದ ಪುಟ್ಟ ವಿಮಾನಗಳಲ್ಲಿ ಹೆಚ್ಚಿನವುಗಳ ಪ್ರೊಪೆಲ್ಲರ್ ಬ್ಲೇಡುಗಳ ಕೋನವನ್ನು, ಅಂದರೆ ಪಿಚ್ಚನ್ನು, ನೆಲದ ಮೇಲಿದ್ದಾಗಲೇ ಹೊಂದಿಸಬೇಕು. ಪಿಚ್ ಹೆಚ್ಚಾದರೆ ಟಾಪ್ ಗೇರಿನಲ್ಲಿ ಆಗುಂಬೆ ಘಾಟಿ ಹತ್ತಲು ಹೊರಟ ಕಾರಿನಂತೆ ಎಂಜಿನ್ ಉಸಿರುಗಟ್ಟುತ್ತದೆ, ರನ್‌ವೇ ಸಾಲದೆ ಹೋಗುತ್ತದೆ. ತೀರಾ ಕಡಿಮೆಯಾದರೆ ಹಾರುವಾಗ ಎಂಜಿನ್ ಮಿತಿ ಮೀರಿ ತಿರುಗುತ್ತದೆ. ಮೊದಲ ಹಾರಾಟದಲ್ಲಿ ವೇಗಕ್ಕಿಂತ ಏರುವ ಶಕ್ತಿ ಮುಖ್ಯವಾದ್ದರಿಂದ, ಮಿತಿಯೊಳಗೇ ಇದ್ದು ಪಿಚ್ಚನ್ನು ತುಸು ಕಡಿಮೆ ಇಡುವುದು ಜಾಣತನ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಅನುಮತಿಯಿಲ್ಲದೆ ಹಾರುವಂತಿಲ್ಲ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಕೆಲಸಕ್ಕೆ ಕೈಹಾಕುವ ಮೊದಲು ಇಗ್ನಿಷನ್ ಸ್ವಿಚ್‌ಗಳನ್ನು ಆಫ್ ಮಾಡಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಚಕ್ರಗಳಿಗೆ ಅಡ್ಡ ಕೊಡಬೇಕು. ತಯಾರಕರು ಸೂಚಿಸಿದ ದೂರವನ್ನು ಹಬ್ಬಿನ, ಅಂದರೆ ಬ್ಲೇಡುಗಳನ್ನು ಹಿಡಿದಿಡುವ ನಡುವಿನ ಭಾಗದ, ಮಧ್ಯದಿಂದ ಅಳೆದು, ಪ್ರತಿ ಬ್ಲೇಡಿನ ಮೇಲೂ ಮಾಸ್ಕಿಂಗ್ ಟೇಪ್ ಅಂಟಿಸಿ ಗೆರೆ ಎಳೆಯಿರಿ. ಬ್ಲೇಡ್ ಬುಡದಿಂದ ತುದಿಯವರೆಗೆ ತಿರುಚಿಕೊಂಡಿರುವುದರಿಂದ, ಅಳತೆಯ ಜಾಗ ಬೆರಳಗಲ ಸರಿದರೂ ಕೋನ ಬದಲಾಗುತ್ತದೆ. ಡಿಜಿಟಲ್ ಕೋನಮಾಪಕವನ್ನು ಹಬ್ಬಿನ ಮುಖಕ್ಕೆ ಹಿಡಿದು ಸೊನ್ನೆಗೆ ತನ್ನಿ. ಬಾಲದ ಕಡೆಗೆ ವಾಲಿ ನಿಲ್ಲುವ ವಿಮಾನಗಳಲ್ಲಿ ಶೆಡ್ಡಿನ ನೆಲವನ್ನು ನಂಬಿದರೆ ಲೆಕ್ಕ ತಪ್ಪುವುದು ಖಂಡಿತ. ಒಂದೊಂದೇ ಬ್ಲೇಡನ್ನು ಅಡ್ಡಲಾಗಿ, ಒಂದೇ ಪಕ್ಕಕ್ಕೆ ತಂದು ಗೆರೆಯ ಮೇಲೆ ಅಳೆಯಬೇಕು. ರೋಟ್ಯಾಕ್ಸ್ 912 ಎಂಜಿನ್ನಾದರೆ ಹಿಮ್ಮುಖವಾಗಿ ತಿರುಗಿಸಲು ಹೋಗಬೇಡಿ, ವಾಲ್ವ್‌ಗಳ ಎಣ್ಣೆ ವ್ಯವಸ್ಥೆಗೆ ಗಾಳಿ ಸೇರಬಹುದು.

ಬೋಲ್ಟುಗಳನ್ನು ಬ್ಲೇಡ್ ಬಿಗಿಯಾಗಿ ತಿರುಗುವಷ್ಟು ಮಾತ್ರ ಸಡಿಲಿಸಿ, ಕೋನ ಕೂಡಿಸಿ, ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ವ್ರೆಂಚಿನಿಂದ ಎದುರುಬದುರಾಗಿ ಹಂತಹಂತವಾಗಿ ಬಿಗಿಯಬೇಕು. ಉಡುಪಿಯ ಪರಿಚಿತರೊಬ್ಬರ ಶೆಡ್ಡಿನಲ್ಲಿ ನಾನು ಇಲ್ಲೇ ಎಡವಿದ್ದೆ: ಮೂರೂ ಬ್ಲೇಡುಗಳು ಸರಿಯಾದವೆಂದು ಬಿಗಿದು ಮುಗಿಸಿದೆ, ಮತ್ತೆ ಅಳೆದಾಗ ಒಂದು ಬ್ಲೇಡ್ ಅರ್ಧ ಡಿಗ್ರಿ ಜಾರಿತ್ತು. ಆದ್ದರಿಂದ ಬಿಗಿದ ಮೇಲಿನ ಅಳತೆಯೇ ನಿಜವಾದ ಅಳತೆ. ಬ್ಲೇಡುಗಳ ನಡುವಿನ ವ್ಯತ್ಯಾಸ ಡಿಗ್ರಿಯ ಹತ್ತನೇ ಒಂದೆರಡು ಭಾಗದೊಳಗೆ ಬರುವವರೆಗೆ ಬಿಚ್ಚಿ ಬಿಗಿಯುತ್ತಲೇ ಇರಬೇಕು.

ಇನ್ನು ಎಂಜಿನ್ ಓಡಿಸುವ ಪರೀಕ್ಷೆ. ಇದಕ್ಕೆ ಬೆಳಗಿನ ಹೊತ್ತೇ ಸೂಕ್ತ. ಮಧ್ಯಾಹ್ನದ ಕಡಲಗಾಳಿ ಎದುರಿನಿಂದ ಬೀಸಿದರೆ ಬ್ಲೇಡಿನ ಹೊರೆ ಇಳಿದು ಆರ್‌ಪಿಎಂ, ಅಂದರೆ ನಿಮಿಷಕ್ಕೆ ತಿರುಗುವ ಸುತ್ತುಗಳ ಸಂಖ್ಯೆ, ಏರುತ್ತದೆ. ಆ ಅಂಕಿಯನ್ನು ನಂಬಿ ಪಿಚ್ ಹೆಚ್ಚಿಸಿದರೆ, ಗಾಳಿಯಿಲ್ಲದ ದಿನ ವಿಮಾನ ನೆಲ ಬಿಡಲು ಒದ್ದಾಡುತ್ತದೆ. ಬಾಲವನ್ನು ಗಟ್ಟಿಯಾಗಿ ಕಟ್ಟಿ, ಪ್ರೊಪೆಲ್ಲರ್ ಮುಂದೆ ಮಾತ್ರವಲ್ಲ, ಅದರ ಪಕ್ಕದ ನೇರದಲ್ಲೂ ಯಾರೂ ನಿಲ್ಲದಂತೆ ನೋಡಿಕೊಂಡು, ಎಂಜಿನ್ ಬಿಸಿಯಾದ ಮೇಲೆ ಪೂರ್ಣ ಥ್ರಾಟಲ್ ಕೊಡಿ. 100 ಅಶ್ವಶಕ್ತಿಯ ರೋಟ್ಯಾಕ್ಸ್ 912 ಯುಎಲ್‌ಎಸ್‌ಗೆ ನಿಂತಲ್ಲಿ ಸುಮಾರು 5200 ಆರ್‌ಪಿಎಂ ಸಾಮಾನ್ಯ ಆರಂಭದ ಗುರಿ. ನಿರಂತರ ಮಿತಿ 5500, ಐದು ನಿಮಿಷದ ಮಿತಿ 5800. ಗೇರ್ ಅನುಪಾತ 2.43, ಅಂದರೆ ಎಂಜಿನ್ 2.43 ಸುತ್ತು ತಿರುಗಿದಾಗ ಪ್ರೊಪೆಲ್ಲರ್ ಒಂದು ಸುತ್ತು ತಿರುಗುವುದರಿಂದ, 5200ರಲ್ಲಿ ಪ್ರೊಪೆಲ್ಲರ್ ನಿಮಿಷಕ್ಕೆ ಸುಮಾರು 2140 ಸುತ್ತು ತಿರುಗಬೇಕು. ಬೆಳಕಿನಿಂದ ಸುತ್ತು ಎಣಿಸುವ ಆಪ್ಟಿಕಲ್ ಟ್ಯಾಕೋಮೀಟರಿನಿಂದ ಇದನ್ನು ತಾಳೆ ನೋಡಿದರೆ ಡ್ಯಾಶ್‌ಬೋರ್ಡಿನ ಮೀಟರಿನ ಸುಳ್ಳೂ ಬಯಲಾಗುತ್ತದೆ.

ಆರ್‌ಪಿಎಂ ಕಡಿಮೆಯಿದ್ದರೆ ಪಿಚ್ ಇಳಿಸಿ, ಹೆಚ್ಚಿದ್ದರೆ ಏರಿಸಿ. ಒಮ್ಮೆಗೆ ಅರ್ಧ ಡಿಗ್ರಿ ಸಾಕು. ಏಪ್ರಿಲ್‌ನ 34 ಡಿಗ್ರಿ ಸೆಲ್ಸಿಯಸ್ ಸೆಕೆಯಲ್ಲಿ ಮಂಗಳೂರಿನ ಕಡಲತೀರದ ಗಾಳಿ ಎರಡು ಸಾವಿರ ಅಡಿಗೂ ಮೇಲಿನ ಗಾಳಿಯಷ್ಟು ತೆಳುವಾಗಿರುತ್ತದೆ. ಆಗ ಎಂಜಿನ್ನಿನ ಬಲದ ಜೊತೆಗೆ ಬ್ಲೇಡಿನ ಹೊರೆಯೂ ಇಳಿಯುವುದರಿಂದ ಆರ್‌ಪಿಎಂ ಹೆಚ್ಚೇನೂ ಬದಲಾಗದಿದ್ದರೂ ಎಳೆತ ಕುಗ್ಗಿರುತ್ತದೆ. ಹಾಗಾಗಿ ಮೀಟರಿನಲ್ಲಿ 5200 ಕಂಡಿತೆಂದು ರನ್‌ವೇಯ ಲೆಕ್ಕದಲ್ಲಿ ಜಿಪುಣತನ ಮಾಡಬಾರದು. ಪರೀಕ್ಷೆ ಮುಗಿದು ಹಬ್ ತಣ್ಣಗಾದ ಮೇಲೆ ಬೋಲ್ಟುಗಳ ಟಾರ್ಕನ್ನು ಇನ್ನೊಮ್ಮೆ ನೋಡಿ, ಪ್ರತಿ ಬ್ಲೇಡಿನ ಕೋನ, ಆರ್‌ಪಿಎಂ, ಉಷ್ಣಾಂಶ ಮತ್ತು ಗಾಳಿಯ ದಿಕ್ಕನ್ನು ಲಾಗ್‌ಬುಕ್ಕಿನಲ್ಲಿ ಬರೆದಿಡಿ.