ವಾರ್ಮ್ ಸೌಂಡ್ ಬೇಕು ಅಂತ ಆಂಪ್ ತಗೊಳ್ಳೋ ಮುಂಚೆ

ಎಲ್ರೂ ವಾರ್ಮ್ ಆಗಿರೋ ಆಂಪ್ (ಸ್ಪೀಕರ್ ನಡೆಸೋ ಆಂಪ್ಲಿಫೈಯರ್) ಹೇಳಿ ಅಂತಾರೆ, ಏನು ಬೇಕು ಅಂತ ಬಿಡಿಸಿ ಹೇಳಿದ್ರೆ ಅರ್ಧ ಕೆಲಸ ಆಯ್ತು. ವಾರ್ಮ್ ಅಂದ್ರೆ ಇಷ್ಟೇ, ಸುಮಾರು 100ರಿಂದ 300 ಹರ್ಟ್ಜ್ ಭಾಗ ಸ್ವಲ್ಪ ತುಂಬ್ಕೊಂಡು ಟ್ರೆಬಲ್ ಮೆತ್ತಗಾದ್ರೆ ಹಾಡೋರ ದನಿ ಎದೆಯಿಂದ ಬಂದಂಗಿರುತ್ತೆ, ತಂಬೂರಿಯ ಮಂದ್ರ ತಂತಿ ಗುಂಯ್ ಅಂತ ನಿಲ್ಲುತ್ತೆ, ಸ ಶ ಅಕ್ಷರ ಕಿವಿಗೆ ಚುಚ್ಚಲ್ಲ. ಗಾಜಿನ ಟ್ಯೂಬ್ ಬಳಸೋ ವಾಲ್ವ್ ಆಂಪ್‌ಗಳಲ್ಲಿ ಸಾಮಾನ್ಯವಾಗಿ ಸೆಕೆಂಡ್ ಹಾರ್ಮೋನಿಕ್ (ಮೂಲ ಸ್ವರದ ಎರಡರಷ್ಟು ಫ್ರೀಕ್ವೆನ್ಸಿಯಲ್ಲಿ ಸೇರ್ಕೊಳ್ಳೋ ಸ್ವರ) ಜಾಸ್ತಿ, ಔಟ್‌ಪುಟ್ ಇಂಪೀಡೆನ್ಸೂ (ಆಂಪ್‌ನ ಒಳಗಿನ ವಿದ್ಯುತ್ ತಡೆ) ಜಾಸ್ತಿ, ಅದಕ್ಕೇ ಸ್ಪೀಕರ್ ಬದಲಾದಂಗೆ ಅದರ ಸೌಂಡೂ ಬದಲಾಗುತ್ತೆ, ಹಾಗಾಗಿ ಸ್ಪೀಕರ್ ಮೊದಲು ಆರಿಸಿ. 300ಬಿ ವಾಲ್ವಿನ ಸಿಂಗಲ್ ಎಂಡೆಡ್ (ಒಂದೇ ಔಟ್‌ಪುಟ್ ವಾಲ್ವ್ ಪೂರ್ತಿ ಸಿಗ್ನಲ್ ಹೊರೋ) ಆಂಪ್ ಕೊಡೋದು ಸುಮಾರು 8 ವ್ಯಾಟ್, 85 ಡಿಬಿ ಸೆನ್ಸಿಟಿವಿಟಿ (1 ವ್ಯಾಟ್‌ಗೆ 1 ಮೀಟರ್ ದೂರದಲ್ಲಿ ಎಷ್ಟು ಜೋರು ಅನ್ನೋ ಅಳತೆ) ಇರೋ ಬುಕ್‌ಶೆಲ್ಫ್ ಸ್ಪೀಕರ್‌ಗೆ ದೊಡ್ಡ ರೂಮಲ್ಲಿ ಸಾಲಲ್ಲ, ಬರೀ 3 ಡಿಬಿ ಜಾಸ್ತಿ ಬೇಕಂದ್ರೂ ಪವರ್ ಡಬಲ್ ಆಗ್ಬೇಕು! ಅಂಥವ್ರು ಟೋನ್ ಕಂಟ್ರೋಲ್ ಇರೋ ಒಳ್ಳೆ ಸಾಲಿಡ್ ಸ್ಟೇಟ್ (ವಾಲ್ವ್ ಬದಲು ಟ್ರಾನ್ಸಿಸ್ಟರ್ ಇರೋ) ಆಂಪೇ ತಗೊಳ್ಳಿ, ಬಾಸ್ ಒಂಚೂರು ಏರಿಸೋದ್ರಲ್ಲಿ ತಪ್ಪೇನಿಲ್ಲ.

ಅಂಗಡೀಲಿ ಎರಡು ಆಂಪ್ ಹೋಲಿಸುವಾಗ ವಾಲ್ಯೂಮ್ ಸಮ ಮಾಡ್ಸಿ, ಜೋರಾಗಿರೋದೇ ಚೆನ್ನಾಗಿದೆ ಅನ್ಸುತ್ತೆ. ಟೈಲ್ಸ್ ನೆಲ, ಖಾಲಿ ಗೋಡೆ ಇದ್ರೆ ಮೊದಲು ದಪ್ಪ ಕರ್ಟನ್, ಕಾರ್ಪೆಟ್ ಹಾಕಿ ಕೇಳಿ, ಆಮೇಲೆ ಆಂಪ್ ಬದಲಾಯಿಸ್ಬೇಕಾ ನೋಡಿ.