ಶಾಬ್ಲಿ ವೈನಿನಲ್ಲಿ ನೆಲದ ಗುಣ ಉಳಿಸಿಕೊಳ್ಳುವ ಬಗೆ

ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ಉತ್ತರ ತುದಿಯಲ್ಲಿ, ಸೆರೆಂ ನದಿಯ ಎರಡೂ ದಡಗಳಲ್ಲಿ ಹರಡಿರುವ ಶಾಬ್ಲಿಯ ವೈನನ್ನು ಶಾರ್ಡೊನೆ ದ್ರಾಕ್ಷಿಯೊಂದರಿಂದಲೇ ತಯಾರಿಸಬೇಕೆಂಬುದು ನಿಯಮ. ತಳಿ ಒಂದೇ ಆದ್ದರಿಂದ, ಒಂದೇ ವರ್ಷ ಅಕ್ಕಪಕ್ಕದ ಇಳಿಜಾರುಗಳಲ್ಲಿ ತಯಾರಾದ ವೈನುಗಳ ನಡುವಿನ ವ್ಯತ್ಯಾಸ ಮುಖ್ಯವಾಗಿ ನೆಲದಿಂದ ಅಥವಾ ತಯಾರಕರ ಕೈಯಿಂದ ಬರುತ್ತದೆ. ನೆಲದ ಗುಣ ತಿಳಿಯಬೇಕಾದರೆ ಕೈ ಹಿಂದೆ ಸರಿಯಬೇಕು. ಬಳ್ಳಿ ಸವರುವವರೂ ರಸ ಹಿಂಡುವವರೂ ಒಂದೇ ಮನೆಯವರಾಗಿರುವ ಸಣ್ಣ ತೋಟಗಳಿಗೆ ಈ ಸಂಯಮ ಹೆಚ್ಚು ಸುಲಭವೆಂಬುದು ನನ್ನ ನಂಬಿಕೆ.

ಮೊದಲು ತಾಕುಗಳನ್ನು ಮಣ್ಣಿಗನುಗುಣವಾಗಿ ಬೇರ್ಪಡಿಸಿಕೊಳ್ಳಬೇಕು. ಸುಮಾರು 15 ಕೋಟಿ ವರ್ಷಗಳ ಹಿಂದೆ ಸಮುದ್ರದ ತಳವಾಗಿದ್ದ, ಕಿಮೆರಿಡ್ಜಿಯನ್ ಎಂಬ ಭೂಯುಗದ ಸುಣ್ಣಜೇಡಿಯಲ್ಲಿ ಪುಟ್ಟ ಸಿಂಪಿಗಳ ಪಳೆಯುಳಿಕೆಗಳು ಇಂದಿಗೂ ಕೈಗೆ ಸಿಗುತ್ತವೆ. ದಿಬ್ಬಗಳ ಮೇಲ್ಭಾಗದಲ್ಲಿ ಗಟ್ಟಿ ಸುಣ್ಣಕಲ್ಲಿದ್ದು, ಅಲ್ಲಿನ ವೈನ್ ಸಾಮಾನ್ಯವಾಗಿ ಶಾಬ್ಲಿಯ ಅತಿ ಕೆಳಗಿನ ದರ್ಜೆಯಾದ ಪೆಟಿ ಶಾಬ್ಲಿ ಎನಿಸಿಕೊಳ್ಳುತ್ತದೆ. ಸಿಂಪಿಯ ರುಚಿಯೇ ಬೇರಿನ ಮೂಲಕ ವೈನಿಗೆ ಇಳಿಯುತ್ತದೆಂದು ತಿಳಿಯಬಾರದು. ಮಣ್ಣು ನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಡುವ ರೀತಿ ಮತ್ತು ಇಳಿಜಾರಿನ ಮೇಲೆ ಬಿಸಿಲು ಬೀಳುವ ಕೋನ ಹಣ್ಣು ಮಾಗುವ ವೇಗವನ್ನು ನಿರ್ಧರಿಸುತ್ತವೆ. ‘ಗ್ರಾಂ ಕ್ರೂ’ ಎಂಬ ಅತ್ಯುನ್ನತ ದರ್ಜೆಯ ಏಳು ತಾಕುಗಳೂ ನದಿಯ ಬಲದಂಡೆಯ ಒಂದೇ ಗುಡ್ಡದಲ್ಲಿ, ಬಹುಪಾಲು ನೈಋತ್ಯಕ್ಕೆ ಮುಖ ಮಾಡಿರುವುದಕ್ಕೆ ಇದೇ ಕಾರಣ.

ಇಲ್ಲಿನ ಅತಿ ದೊಡ್ಡ ಅಪಾಯ ಏಪ್ರಿಲ್ ತಿಂಗಳ ಹಿಮ. 2016 ಮತ್ತು 2021ರಲ್ಲಿ ಅದು ಬೆಳೆಗೆ ಭಾರಿ ಪೆಟ್ಟು ಕೊಟ್ಟಿತು. ಹಿಮ ಬೀಳುವ ತಗ್ಗಿನ ತಾಕುಗಳನ್ನು ಕೊನೆಗೆ ಸವರಿದರೆ ಚಿಗುರು ತುಸು ತಡವಾಗುತ್ತದೆ. ರಾತ್ರಿ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿಯುವ ಮುನ್ನ ಸಾಲುಗಳ ನಡುವೆ ದೊಡ್ಡ ಮೇಣದ ಡಬ್ಬಿಗಳನ್ನು ಹೊತ್ತಿಸಬೇಕು ಅಥವಾ ತುಂತುರು ನೀರು ಹಾಯಿಸಬೇಕು. ಹೆಪ್ಪುಗಟ್ಟುವ ನೀರು ಹೊರಬಿಡುವ ಶಾಖವು ಮೊಗ್ಗನ್ನು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಕಾಯುತ್ತದೆ. ಆದರೆ ಬೆಳಿಗ್ಗೆ ಮಂಜುಗಡ್ಡೆ ಕರಗಲಾರಂಭಿಸುವ ಮೊದಲೇ ನೀರು ನಿಲ್ಲಿಸಿದರೆ ರಕ್ಷಣೆಯೇ ಹಾನಿಯಾಗಿ ತಿರುಗುತ್ತದೆ.

ಕೊಯ್ಲಿನ ದಿನವನ್ನು ಸಕ್ಕರೆಯ ಅಳತೆಯೊಂದನ್ನೇ ನೋಡಿ ಗೊತ್ತುಮಾಡಬಾರದು. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಶೇ. 1ರಷ್ಟು ಆಲ್ಕೋಹಾಲ್ ಕೊಡುತ್ತದೆ ಎಂಬ ಲೆಕ್ಕ ಉಪಯುಕ್ತವೇ. ಆದರೂ ಪ್ರತಿ ತಾಕಿನ ಹಣ್ಣು ತಿಂದು, ಬೀಜ ಕಡಿದು, ಹುಳಿ ಇನ್ನೂ ಚುರುಕಾಗಿರುವಾಗಲೇ ಕೊಯ್ಯಬೇಕು. ಅತಿಯಾಗಿ ಮಾಗಿದ ಹಣ್ಣಿನಲ್ಲಿ ತಾಕು ತಾಕಿನ ಭೇದ ಮಸುಕಾಗುತ್ತದೆ.

ಇಡೀ ಗೊಂಚಲುಗಳನ್ನು ಮೆಲ್ಲಗೆ ಹಿಂಡಿ, ರಸವನ್ನು ರಾತ್ರಿಯಿಡೀ ತಣ್ಣಗಿರಿಸಿ, ದಪ್ಪ ಗಸಿ ಕೆಳಗೆ ಕುಳಿತ ಬಳಿಕ ತಿಳಿಯನ್ನು ಬೇರೆ ತೊಟ್ಟಿಗೆ ಇಳಿಸಬೇಕು. ಪ್ರತಿ ತಾಕಿಗೂ ಪ್ರತ್ಯೇಕ ತೊಟ್ಟಿ ಇರಲೇಬೇಕು. 16ರಿಂದ 20 ಡಿಗ್ರಿಯಲ್ಲಿ ಹುದುಗಿದ ಮೇಲೆ, ಬ್ಯಾಕ್ಟೀರಿಯಾಗಳು ಹಸಿಸೇಬಿನಂತಹ ಚೂಪಾದ ಮ್ಯಾಲಿಕ್ ಆಮ್ಲವನ್ನು ಸೌಮ್ಯವಾದ ಲ್ಯಾಕ್ಟಿಕ್ ಆಮ್ಲವಾಗಿಸುವ ಎರಡನೇ ಹಂತಕ್ಕೆ ಅವಕಾಶ ಕೊಡುವುದು ಶಾಬ್ಲಿಯ ವಾಡಿಕೆ. ನಂತರ ವೈನನ್ನು ತೆಳುವಾದ ಯೀಸ್ಟ್ ಗಸಿಯ ಮೇಲೆ ತಿಂಗಳುಗಟ್ಟಲೆ ಬಿಡಬೇಕು. ಸ್ಟೀಲ್ ತೊಟ್ಟಿಯಾಗಲಿ, ಹಲವು ವರ್ಷ ಬಳಸಿದ ಓಕ್ ಪೀಪಾಯಿಯಾಗಲಿ ಸರಿಯೇ. ಈ ಊರಿನ ಸಾಂಪ್ರದಾಯಿಕ ಪೀಪಾಯಿ 132 ಲೀಟರಿನದು. ಹೊಸ ಓಕ್ ಮಾತ್ರ ಬೇಡ, ಅದರ ವೆನಿಲಾ ಪರಿಮಳ ಮಣ್ಣಿನ ಗುರುತನ್ನು ಮುಚ್ಚಿಬಿಡುತ್ತದೆ. ಬಾಟಲಿಗೆ ತುಂಬುವಾಗ ಸೋಸುವಿಕೆ ಹಗುರವಾಗಿರಲಿ, ಗಾಳಿ ಸೇರದಿರಲಿ. ಬಡಿಸುವಾಗ 10ರಿಂದ 12 ಡಿಗ್ರಿ ತಂಪು ಸಾಕು. ಹೆಚ್ಚು ತಣಿದರೆ ತಾಕುಗಳ ನಡುವಿನ ಭೇದ ನಾಲಿಗೆಗೆ ತಿಳಿಯುವುದಿಲ್ಲ.